ದೀಪದಕ್ಕನ ಮುಖ

ನಮ್ಮೂರಿನ ಸರ್ಕಲ್ಲಿನಲ್ಲಿ ದೀಪ ಎತ್ತಿ ನಿಂತಿರುವವಳನ್ನು ಕಂಡರೆ ಪರವೂರಿನವರಿಗೆ ನಗು. ಸಮುದ್ರದ ನಡುವೆ ದ್ವೀಪದ ಮೇಲೆ ಇರಬೇಕಾದ ಸ್ವಾತಂತ್ರ್ಯ ದೇವಿ ಇಲ್ಲಿ ಸೋಡಾ ಅಂಗಡಿಗೂ ಸೈಕಲ್ ಶಾಪಿಗೂ ಮಧ್ಯೆ ಏನು ಮಾಡುತ್ತಿದ್ದಾಳೆ ಎಂದು ಬಸ್ಸಿನ ಕಿಟಕಿಯಿಂದಲೇ ಕೇಳುತ್ತಾರೆ. ದ್ವೀಪ ಇಲ್ಲದಿದ್ದರೇನು ಸ್ವಾಮಿ, ದೀಪ ಇದೆಯಲ್ಲ ಎಂದು ನಾನು ಹೇಳುತ್ತೇನೆ. ಅವರು ನಕ್ಕು ಮುಗಿಸುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಆ ಬಸ್ಸು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಯಾರೂ ವಿಚಾರಿಸಿದವರಿಲ್ಲ. ಬೋರ್ಡಿನಲ್ಲಿ ‘ಮುಂದಿನ ಊರು’ ಎಂದಷ್ಟೇ ಬರೆದಿರುತ್ತದೆ.

ಅವಳನ್ನು ನಾವು ದೀಪದಕ್ಕ ಎನ್ನುತ್ತೇವೆ. ತಲೆಯ ಮೇಲಿನ ಏಳು ಮುಳ್ಳಿನ ಕಿರೀಟವನ್ನು ಕೆಲವರು ಸೂರ್ಯನ ಕಿರಣ ಅನ್ನುತ್ತಾರೆ, ಕೆಲವರು ಬಾಚಣಿಗೆ ಅನ್ನುತ್ತಾರೆ. ಎಡಗೈಯ ಪುಸ್ತಕವನ್ನು ರೇಷನ್ ಕಾರ್ಡು ಎಂದು ನಂಬಿದವರೂ ಇದ್ದಾರೆ. ಮುಖದ ವಿಷಯದಲ್ಲಿ ಮಾತ್ರ ಊರಿಗೆಲ್ಲ ಒಂದೇ ಮಾತಿತ್ತು. ಅಂಥ ಮುಖ ಇನ್ನೊಂದಿಲ್ಲ ಎನ್ನುತ್ತಿದ್ದರು. ಆ ಮಾತಿನಲ್ಲಿ ಎಷ್ಟು ನಿಜವಿದೆ ಎಂದು ತಿಳಿಯಲು ನಮಗೆ ಮೂವತ್ತಾರು ವರ್ಷ ಬೇಕಾಯಿತು.

ನಮ್ಮೂರಿನಲ್ಲಿ ಯಾವುದನ್ನೂ ನೋಡದೆ ಬರೀ ತಲೆಯಿಂದ ಮಾಡಿದ್ದು ನಿಲ್ಲುವುದಿಲ್ಲ. ತಲೆಯಿಂದ ಬಂದದ್ದು ತಲೆಮರೆಸಿಕೊಳ್ಳುತ್ತದೆ. ಮೊದಲು ಬಣ್ಣ ತೆಳುವಾಗುತ್ತದೆ, ಆಮೇಲೆ ಅಂಚು, ಆಮೇಲೆ ತೂಕ. ಒಂದು ಬೆಳಿಗ್ಗೆ ನೋಡಿದರೆ ಅದಿದ್ದ ಜಾಗದಲ್ಲಿ ಗಾಳಿ ಇರುತ್ತದೆ. ಇನ್ನೊಂದನ್ನು ನೋಡಿ ಮಾಡಿದ್ದು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಹಾಗಾಗಿ ಇಲ್ಲಿ ಸೊಸೆಯಂದಿರು ಅತ್ತೆಯ ಸಾರನ್ನೇ ಮಾಡುತ್ತಾರೆ. ಹೊಸದಾಗಿ ಏನಾದರೂ ಬೆರೆಸಿದರೆ ತಟ್ಟೆಗೆ ಬರುವಷ್ಟರಲ್ಲಿ ರುಚಿ ಹೋಗಿ ಬಿಸಿನೀರು ಉಳಿದಿರುತ್ತದೆ. ಪ್ರೇಮಪತ್ರ ಬರೆಯುವವರು ಪುಸ್ತಕ ನೋಡಿ ಬರೆಯುತ್ತಾರೆ. ಸ್ವಂತ ಮಾತು ಬರೆದ ನನ್ನ ಗೆಳೆಯನೊಬ್ಬನ ಕಾಗದ ಹುಡುಗಿಯ ಕೈ ಸೇರುವಾಗ ಖಾಲಿ ಹಾಳೆಯಾಗಿತ್ತು. ಅವಳು ಅದರ ಮೇಲೆ ರವಿಕೆಯ ಅಳತೆ ಬರೆದು ದರ್ಜಿಗೆ ಕಳಿಸಿದಳು. ಬಡಗಿಯೊಬ್ಬ ತನ್ನದೇ ಬುದ್ಧಿಯಿಂದ ಐದು ಕಾಲಿನ ಸ್ಟೂಲು ಮಾಡಿದ್ದ. ಅದು ನಾಲ್ಕು ವರ್ಷ ಬಾಳಿತು. ಹೋಗುವ ಗಳಿಗೆಯಲ್ಲಿ ಅದರ ಮೇಲೆ ಪೋಸ್ಟ್‌ಮಾಸ್ಟರು ಕೂತಿದ್ದರು. ಊರಿನ ಮೊದಲ ಮನೆ ಯಾವುದೆಂದು ಕೇಳಬೇಡಿ. ಅದು ಹೋಗಿದೆ, ಅದನ್ನು ನೋಡಿ ಕಟ್ಟಿದ ಎರಡನೆಯದು ಇದೆ. ಮಾತಿಗೆ ಈ ತೊಂದರೆ ಇಲ್ಲ, ಮಾತು ಎಲ್ಲ ಊರಿನಲ್ಲೂ ಗಾಳಿಗೇ ಹೋಗುತ್ತದೆ. ಬೇರೆ ಊರುಗಳಲ್ಲಿ ಮೂಲವ್ಯಾಧಿ ಎಂದರೆ ಕೂರಲಾಗದ ಕಾಯಿಲೆ. ನಮಗೆ ಮೂಲವೇ ವ್ಯಾಧಿ.

ಇಂಥ ಊರಿನಲ್ಲಿ ನಾನು, ಶೇಷಪ್ಪ ಬಿ.ಎ., ಪುರಸಭೆಯ ತಾಳೆ ಗುಮಾಸ್ತ. ಊರಿನಲ್ಲಿ ಏನನ್ನೇ ನಕಲು ಮಾಡುವ ಮುಂಚೆ ಅದರ ಅಸಲನ್ನು ನನ್ನ ಮೇಜಿಗೆ ತರಬೇಕು. ನಾನು ನೋಡಿ, ‘ತಾಳೆಯಾಗಿದೆ’ ಎಂದು ಮೊಹರು ಒತ್ತಿ ರುಜು ಹಾಕಬೇಕು. ಈ ಊರಿನಲ್ಲಿ ತಾಳಿಗಿಂತ ತಾಳೆ ಗಟ್ಟಿ ಎಂದು ನಾನು ಹೇಳಿದಾಗಲೆಲ್ಲ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ. ಬಿಡುವಿನಲ್ಲಿ ಮಿಮಿಕ್ರಿ ಮಾಡುತ್ತೇನೆ. ಮದುವೆಮನೆಯಲ್ಲಿ ಮೈಕು ಕೊಟ್ಟರೆ ಅಧ್ಯಕ್ಷರ ಕೆಮ್ಮು, ಬಸ್ಸಿನ ಗೇರು, ಸತ್ತವರ ನಗು ಎಲ್ಲ ಬರುತ್ತದೆ. ತೀರಿಕೊಂಡ ಹಿರಿಯರ ದನಿ ಕೇಳಬೇಕೆಂದು ಮನೆಗೆ ಕರೆದು ಕಾಫಿ ಕೊಡುವವರೂ ಇದ್ದಾರೆ.

ಮೂವತ್ತಾರು ವರ್ಷದ ಹಿಂದೆ, ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ, ಸರ್ಕಲ್ಲಿನಲ್ಲಿ ಏನೂ ಇರಲಿಲ್ಲ. ಆ ಏನೂ ಇಲ್ಲದ್ದನ್ನೇ ಗಾಡಿ, ಸೈಕಲ್ಲುಗಳು ಮರ್ಯಾದೆಯಿಂದ ಸುತ್ತು ಹಾಕಿ ಹೋಗುತ್ತಿದ್ದವು. ಆಗಿನ ಅಧ್ಯಕ್ಷರಿಗೆ ಅಲ್ಲೊಂದು ಪ್ರತಿಮೆ ಬೇಕೆನ್ನಿಸಿತು. ಪ್ರತಿಮೆ ಎಂದ ಮೇಲೆ ಅದು ಯಾವುದಾದರೊಂದರ ಪ್ರತಿಯಾಗಿರಬೇಕು, ಪ್ರತಿಯೇ ಆಗುವುದಾದರೆ ಲೋಕದಲ್ಲೆಲ್ಲ ಹೆಸರಾದದ್ದರ ಪ್ರತಿಯಾಗಲಿ ಎಂದು ಸಭೆ ತೀರ್ಮಾನಿಸಿತು. ಹೈಸ್ಕೂಲಿನ ಹೆಡ್‌ಮಾಸ್ಟರು ತಮ್ಮ ಸಂಗ್ರಹದಿಂದ ಒಂದು ಅಂಚೆಚೀಟಿ ಕೊಟ್ಟರು. ಹೆಬ್ಬೆರಳಿನ ಉಗುರಿಗಿಂತ ಒಂದಿಷ್ಟು ದೊಡ್ಡದು. ಅದರಲ್ಲಿ ದೇವಿ ಇದ್ದಳು, ದೀಪವಿತ್ತು, ಪುಸ್ತಕವಿತ್ತು, ಕಿರೀಟವಿತ್ತು. ಅಂಚೆಯ ಕಪ್ಪು ಮೊಹರೂ ಇತ್ತು, ಸರಿಯಾಗಿ ಮುಖದ ಮೇಲೆ ಬಿದ್ದಿತ್ತು. ಮೊಹರು ಇರುವುದೆಲ್ಲ ಅಧಿಕೃತ ಎಂದು ನಂಬುವ ಊರು ನಮ್ಮದು. ಮೊಹರು ಬಿದ್ದಿದೆ, ಇನ್ನು ಅಸಲಿನ ಬಗ್ಗೆ ಅನುಮಾನವೇಕೆ ಎಂದು ಆಗಿನ ತಾಳೆ ಗುಮಾಸ್ತ ಭೂತಗನ್ನಡಿಯನ್ನು ಪೆಟ್ಟಿಗೆಯಿಂದ ತೆಗೆಯದೆಯೇ ರುಜು ಹಾಕಿದ.

ಕೆಲಸ ಓಬಯ್ಯ ಮೇಸ್ತ್ರಿಗೆ ಹೋಯಿತು. ಊರಿನ ನೀರಿನ ಟ್ಯಾಂಕು, ಬಸ್‌ಸ್ಟ್ಯಾಂಡಿನ ಕಟ್ಟೆ ಎಲ್ಲ ಅವರು ಕಟ್ಟಿದ್ದು. ಅವರು ಅಂಚೆಚೀಟಿಯ ಮೇಲೆ ಸೂಜಿಯಿಂದ ಚೌಕ ಗೀರಿ, ಒಂದೊಂದು ಚೌಕವನ್ನೂ ದೊಡ್ಡ ಕಾಗದದಲ್ಲಿ ಒಂದೊಂದು ಅಡಿಗೆ ಹಿಗ್ಗಿಸಿಕೊಂಡರು. ಕಾಗದ ಹರಡಲು ಮನೆಯಲ್ಲಿ ಅಡುಗೆಮನೆಯಷ್ಟು ದೊಡ್ಡ ಜಾಗ ಬೇರೆ ಇರಲಿಲ್ಲ. ಹೆಂಡತಿ ಲಕ್ಕಮ್ಮ ಹನ್ನೊಂದು ತಿಂಗಳು ಆ ಕಾಗದವನ್ನು ದಾಟಿಕೊಂಡೇ ಒಲೆ ಹಚ್ಚಿದರು. ಸೆರಗಿನ ನೆರಿಗೆ ಯಾವ ಚೌಕದಲ್ಲಿ, ಮೊಣಕೈ ಯಾವ ಚೌಕದಲ್ಲಿ ಎಂದು ಅವರಿಗೆ ಬಾಯಿಪಾಠವಾಗಿತ್ತು. ಮುಖವಿರಬೇಕಾದ ನಾಲ್ಕು ಚೌಕದಲ್ಲಿ ಬರೀ ಮಸಿ ಇದೆ ಎನ್ನುವುದೂ ಗೊತ್ತಿತ್ತು.

ಗೋಣಿತಟ್ಟಿನ ಪರದೆ ತೆಗೆದ ದಿನ ನಾನು ಸೈಕಲ್ ಶಾಪಿನ ಜಗಲಿಯ ಮೇಲೆ ನಿಂತಿದ್ದೆ. ಎಲ್ಲರೂ ಮೊದಲು ದೀಪ ನೋಡಿದರು, ಆಮೇಲೆ ಮುಖ ನೋಡಿದರು, ಆಮೇಲೆ ಭಾಷಣ ಯಾರಿಗೂ ಕೇಳಿಸಲಿಲ್ಲ. ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದಂತಾಗಿ, ತಿರುಗಲೋ ಬೇಡವೋ ಎಂದು ಯೋಚಿಸುತ್ತಿರುವ ಹೆಂಗಸಿನ ಮುಖ ಅದು. ತುಟಿಯ ಒಂದು ಕೊನೆ ನಗಲು ಹೊರಟಿತ್ತು. ಇನ್ನೊಂದು ಕೊನೆಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಅಚ್ಚು ಅಸಲಿನ ಹಾಗೇ ಇದೆ ಎಂದು ಅಸಲನ್ನು ಕಾಣದವರೆಲ್ಲ ಹೊಗಳಿದರು. ಓಬಯ್ಯನವರಿಗೆ ‘ನಕಲು ನಿಪುಣ’ ಎಂದು ಶಾಲು ಹೊದಿಸಿದರು. ಅವರು ಶಾಲನ್ನು ಮಡಚಿ ಕಂಕುಳಿನಲ್ಲಿ ಇಟ್ಟುಕೊಂಡು ಮನೆಗೆ ಹೋದರು. ಎಷ್ಟೋ ವರ್ಷದ ಮೇಲೆ ಊರಿಗೆ ಟೀವಿ ಬಂದು, ಸಮುದ್ರದ ನಡುವಿನವಳನ್ನು ನಾವೆಲ್ಲ ನೋಡಿದಾಗ ಅವಳ ಮುಖ ಬೇರೆಯಾಗಿತ್ತು. ಪಾಪ, ಅಲ್ಲಿಯವರಿಗೆ ಮುಖ ಸರಿಯಾಗಿ ಬಂದಿಲ್ಲ ಎಂದು ಮಾತಾಡಿಕೊಂಡೆವು.

ಕಳೆದ ಬೇಸಿಗೆಯ ಒಂದು ಸೋಮವಾರ ಆಫೀಸಿಗೆ ಹೋಗುವಾಗ ನಾನು ದೀಪದಕ್ಕನ ಎಡಗಿವಿಯ ಮೂಲಕ ಒಂದು ಹದ್ದು ಹಾರುವುದನ್ನು ನೋಡಿದೆ. ನಿಂತು ಮತ್ತೆ ನೋಡಿದೆ. ಕಿವಿಯ ಹಾಲೆ ಹಾಲಿನ ಕೆನೆಯ ಹಾಗೆ ತೆಳುವಾಗಿತ್ತು. ಕೆನ್ನೆಯ ನೆರಳು ಕೆನ್ನೆಯಿಂದ ಇಳಿದು ಹೋಗಿತ್ತು. ಕುತ್ತಿಗೆಯಿಂದ ಕೆಳಗೆ ಸಿಮೆಂಟು ಸಿಮೆಂಟಿನ ಹಾಗೇ ಇತ್ತು, ಕಿರೀಟವೂ ಗಟ್ಟಿಯಾಗಿತ್ತು, ಮುಖ ಮಾತ್ರ ಹೊರಡಲು ಸಿದ್ಧವಾಗುತ್ತಿತ್ತು. ಸಂಜೆಯ ಹೊತ್ತಿಗೆ ಊರೆಲ್ಲ ಸರ್ಕಲ್ಲಿನಲ್ಲಿ ಕತ್ತೆತ್ತಿ ನಿಂತಿತ್ತು.

ಮಾರನೆಯ ದಿನ ಅಧ್ಯಕ್ಷ ಗುರುಶಾಂತಪ್ಪನವರು ಕೆಮ್ಮುತ್ತಾ ನನ್ನ ಮೇಜಿನ ಹತ್ತಿರ ಬಂದರು. “ರೀ ಶೇಷಪ್ಪ, ಗಣಪತಿ ಮಾಡೋ ಅಚ್ಚಿನವರಿಗೆ ಹೇಳಿಕಳಿಸಿದೀನಿ. ಗುರುವಾರ ಬೆಳಿಗ್ಗೆ ಬಂದು ಮುಖದ ಅಚ್ಚು ತೆಗೀತಾರೆ. ಅದರಿಂದ ಹೊಸ ಮುಖ ಎರಕ ಹೊಯ್ದು ಹಳೇದರ ಮೇಲೇ ಕೂರಿಸಿಬಿಡೋದು. ನಕಲಿನ ನಕಲು, ಎಲ್ಲೂ ಹೋಗಲ್ಲ. ನೀವೊಂದು ತಾಳೆ ರುಜು ಹಾಕಿ.”

“ಅದು ನಕಲೇ ಆಗಿದ್ರೆ ಹೋಗ್ತಾ ಯಾಕಿದೆ ಸಾರ್?”

“ಸಿಮೆಂಟು ಕಳಪೆ ಇರಬೇಕು ಕಣ್ರೀ.”

“ಮುಖಕ್ಕೆ ಮಾತ್ರ ಕಳಪೆ ಸಿಮೆಂಟಾ?”

“ಪ್ರಶ್ನೆ ಕೇಳೋಕಲ್ಲ, ರುಜು ಹಾಕೋಕೆ ನಿಮ್ಮನ್ನ ಇಟ್ಕೊಂಡಿರೋದು,” ಎಂದು ಅವರು ಹೊರಟರು. ಅವರ ಬೆನ್ನಿಗೆ ನಾನು ಅವರದೇ ಕೆಮ್ಮು ಕೆಮ್ಮಿದೆ. ಅವರು ತಿರುಗದೆ, “ಎರಡನೇ ಕೆಮ್ಮು ಇನ್ನೂ ಸ್ವಲ್ಪ ಎಳೀಬೇಕು,” ಎಂದರು.

ಕಡತ ತೆಗೆಸಿದೆ. ಹಳೆಯ ಕವರಿನೊಳಗೆ ಅಂಚೆಚೀಟಿ ಇತ್ತು. ಭೂತಗನ್ನಡಿ ಹಿಡಿದೆ. ದೀಪ ತಾಳೆಯಾಯಿತು, ಪುಸ್ತಕ ತಾಳೆಯಾಯಿತು, ಏಳು ಮುಳ್ಳೂ ತಾಳೆಯಾದವು. ಮುಖದ ಜಾಗದಲ್ಲಿ ಕಪ್ಪು ಮಸಿಯ ಗುಂಡು, ಅದರೊಳಗೆ ಯಾವುದೋ ಊರಿನ ಯಾವುದೋ ತಾರೀಖು. ಅಂಥ ಮುಖ ಇನ್ನೊಂದಿಲ್ಲ ಎಂದು ಮೂವತ್ತಾರು ವರ್ಷ ಹೇಳಿದ್ದು ಆ ಗಳಿಗೆಯಲ್ಲಿ ನನ್ನ ಬೆನ್ನಿನ ಮೇಲೆ ಇರುವೆಯ ಹಾಗೆ ಹರಿದಾಡಿತು.

ಅಷ್ಟರಲ್ಲಿ ಪುಟ್ಟತಾಯಿ ಬಂದು ಎದುರಿಗೆ ಕೂತಳು. ಓಬಯ್ಯನವರ ಒಬ್ಬಳೇ ಮಗಳು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಮೂವತ್ತು ವರ್ಷದಿಂದ ಒಂದೇ ಹೂಜಿಯನ್ನು ಮೇಜಿನ ಮೇಲಿಟ್ಟು ಇದನ್ನು ನೋಡಿ ಬಿಡಿಸಿ ಎಂದು ಹೇಳಿಕೊಡುತ್ತಾ ಬಂದವಳು.

“ನೋಡಿಬಿಟ್ರಾ ಶೇಷಣ್ಣ?”

“ನೋಡ್ದೆ. ಮಸಿ ಇದೆ.”

“ನಮ್ಮಮ್ಮನಿಗೆ ಅವತ್ತಿಂದ ಗೊತ್ತು,” ಎಂದಳು.

ಅವಳು ಹೇಳಿದ್ದು ಇಷ್ಟು. ಪರದೆ ತೆಗೆದ ದಿನ ಲಕ್ಕಮ್ಮ ಸರ್ಕಲ್ಲಿನವರೆಗೂ ಬಂದು, ಮೇಲೆ ನೋಡುವ ಮೊದಲೇ ಜನರ ಮಾತು ಕೇಳಿಸಿಕೊಂಡರು. ಏನು ಮುಖವಪ್ಪ, ಈಗ ಮಾತಾಡಿಬಿಡುತ್ತೆ ಎನ್ನುತ್ತಿದ್ದರು. ಅಲ್ಲಿಂದಲೇ ಹಿಂದಿರುಗಿದರು. ಮುಖವಿಲ್ಲದ ಚೀಟಿಯಿಂದ ಮುಖ ಬರುವುದಿಲ್ಲ. ಹಾಗಾದರೆ ಗಂಡ ಯಾರನ್ನೋ ನೋಡಿ ಮಾಡಿದ್ದಾನೆ, ಹನ್ನೊಂದು ತಿಂಗಳು ಯಾರನ್ನೋ ನೋಡಿದ್ದಾನೆ. ಆ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಯಾರವಳು?” ಎಂದು ಕೇಳಿದರು. “ಯಾರೂ ಅಲ್ಲ ಕಣೇ,” ಎಂದರು ಓಬಯ್ಯ. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಸುಳ್ಳು ಇರಲು ಸಾಧ್ಯವಿರಲಿಲ್ಲ. ಅವತ್ತಿಗೆ ಆ ಮನೆಯಲ್ಲಿ ಗಂಡ ಹೆಂಡತಿಯ ಮಾತು ನಿಂತಿತು. ನಿಮ್ಮಪ್ಪನಿಗೆ ಊಟಕ್ಕೆ ಬಾ ಅನ್ನು, ನಿಮ್ಮಮ್ಮನಿಗೆ ಹಸಿವಿಲ್ಲ ಅನ್ನು, ಹೀಗೆ ಪುಟ್ಟತಾಯಿಯ ಮೂಲಕ ಇಪ್ಪತ್ತೇಳು ವರ್ಷ ಸಂಸಾರ ನಡೆಯಿತು. ಆಮೇಲೆ ಓಬಯ್ಯ ಹೋದರು. ಹೋಗಿ ಒಂಬತ್ತು ವರ್ಷವಾಗಿದೆ. ಸಂತೆಗೆ ಹೋಗುವಾಗ ಲಕ್ಕಮ್ಮ ಇವತ್ತಿಗೂ ಸರ್ಕಲ್ ತಪ್ಪಿಸಿ ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಾರೆ.

“ನಮ್ಮಪ್ಪ ಸುಳ್ಳು ಹೇಳಿರಲಿಲ್ಲ ಶೇಷಣ್ಣ. ಯಾರನ್ನಾದ್ರೂ ನೋಡಿ ಮಾಡಿದ್ರೆ ಆ ಮುಖ ಹೋಗ್ತಿರಲಿಲ್ಲ. ಈಗ ಹೋಗ್ತಿದೆ. ಅಮ್ಮ ಒಂದ್ಸಲ ಕಣ್ಣಾರೆ ನೋಡ್ಬೇಕು. ನೀವು ರುಜು ಹಾಕಿಬಿಟ್ರೆ ಮೇಲೆ ಗಟ್ಟಿ ಮುಖ ಕೂತುಬಿಡತ್ತೆ. ಆಮೇಲೆ ನಾನು ಏನ್ ಹೇಳಿದ್ರೂ ಅಮ್ಮ ನಂಬಲ್ಲ.”

“ಕಾಯ್ತಾ ಕೂತರೆ ಮುಖವೇ ಹೋದೀತು. ಊರು ನನ್ನ ಮುಖ ತೆಗೆಯುತ್ತೆ.”

“ಗುರುವಾರದ ತನಕ ಮಾತ್ರ.”

ಅಸಲು ತಾಳೆಯಾಗುತ್ತಿಲ್ಲ, ಪರಿಶೀಲನೆಯಲ್ಲಿದೆ ಎಂದು ಕಡತದ ಮೇಲೆ ಬರೆದೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ನಾನು ಯಾವುದನ್ನೂ ನೋಡದೆ ಬರೆದ ಮೊದಲ ವಾಕ್ಯ ಅದೇ ಇರಬೇಕು. ಮಧ್ಯಾಹ್ನದ ಹೊತ್ತಿಗೆ ಅದರ ಶಾಯಿ ಮಂಕಾಗಿತ್ತು.

ಬುಧವಾರ ಪುಟ್ಟತಾಯಿ ಬೆಳಗಿನಿಂದ ಅಮ್ಮನಿಗೆ ಹೇಳಿ ಸೋತಳು. ಸಂಜೆ ನಾನು ಹೋದೆ. ನನ್ನ ತಲೆಯಲ್ಲಿ ಒಂದು ಕಿಡಿಗೇಡಿ ಉಪಾಯ ಇತ್ತು. ಬಾಗಿಲು ಅರ್ಧ ಮುಚ್ಚಿತ್ತು. ಹೊರಗೆ ನಿಂತು ಗಂಟಲು ಕೆಳಗಿಳಿಸಿಕೊಂಡು, ಸುಣ್ಣದ ಧೂಳು ಕೂತ ಓಬಯ್ಯನವರ ದನಿಯಲ್ಲಿ ಕರೆದೆ. “ಲಕ್ಕಮ್ಮಾ, ಒಂದ್ಸಲ ಬಂದು ನೋಡಿ ಹೋಗು.” ಬಸ್‌ಸ್ಟ್ಯಾಂಡಿನಲ್ಲಿ ಹೀಗೇ ಮಾಡಿ ಜನರನ್ನು ಅಳಿಸಿದ್ದೇನೆ.

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. “ಪುಟ್ಟತಾಯಿ, ಹೊರಗೆ ನಿಂತಿರೋ ಗುಮಾಸ್ತನಿಗೆ ಹೇಳು. ನಿಮ್ಮಪ್ಪ ಒಂದೇ ಸೂರಿನ ಕೆಳಗೆ ಇಪ್ಪತ್ತೇಳು ವರ್ಷ ಇದ್ದು ನನ್ನ ಜೊತೆ ನೇರ ಮಾತಾಡಲಿಲ್ಲ. ಸತ್ತ ಮೇಲೆ ಮಾತಾಡೋಕೆ ಬರ್ತಾನಾ? ಅಣಕಿಸೋದಾದ್ರೆ ಸರಿಯಾಗಿ ಅಣಕಿಸು ಅನ್ನು, ಸುಮ್ಮನೆ ಇರೋದನ್ನ ಅಣಕಿಸು ಅನ್ನು.”

ಚಪ್ಪಲಿ ಬಿಟ್ಟು ಒಳಗೆ ಹೋದೆ. ಲಕ್ಕಮ್ಮ ಎಪ್ಪತ್ತೈದು ದಾಟಿದವರು, ಕಡ್ಡಿಯ ಹಾಗೆ ನೆಟ್ಟಗಿದ್ದಾರೆ. ಕೈ ಒರೆಸಿಕೊಂಡು ಬಂದು ಮಜ್ಜಿಗೆ ಕೊಟ್ಟರು, ಎದುರಿಗೆ ಕೂತರು.

“ನಿಜ ಹೇಳು ಶೇಷಪ್ಪ. ಹೊಟ್ಟೇಲಿ ಹುಟ್ಟೋ ಕೂಸಿಗೇ ಯಾರದಾದ್ರೂ ಮುಖ ಇರತ್ತೆ. ಅಪ್ಪಂದೋ, ಅಮ್ಮಂದೋ, ಎಲ್ಲಿಲ್ಲದ ಸೋದರಮಾವಂದೋ. ಸಿಮೆಂಟಿಗೆ ಇರಲ್ವಾ?”

“ಹೋಗ್ತಿದೆಯಲ್ಲಮ್ಮ ಅದು. ಯಾರದಾದ್ರೂ ಆಗಿದ್ರೆ ನಿಲ್ತಿತ್ತು.”

“ನೀನು ಬಿ.ಎ. ಓದಿದೋನು. ನಿನ್ನ ತಲೆಯಿಂದ ಯಾವತ್ತಾದ್ರೂ ಏನಾದ್ರೂ ಬಂದಿದೆಯಾ? ಯಾರದೂ ಅಲ್ಲದ್ದು?”

ಯೋಚನೆ ಮಾಡಿದೆ. ಪಕ್ಕದಲ್ಲಿ ಪುಟ್ಟತಾಯಿಯೂ ಯೋಚಿಸುತ್ತಿದ್ದಳು ಎಂದು ಕಾಣುತ್ತದೆ. “ಇಲ್ಲ ಕಣಮ್ಮ,” ಎಂದೆ.

“ನನಗೂ ಬಂದಿಲ್ಲ. ನಮ್ಮ ಯಾರಿಗೂ ಬರದೆ ಇರೋದು ಆ ಮನುಷ್ಯನಿಗೆ ಬಂತು ಅಂತೀರಲ್ಲ, ಹೇಗಪ್ಪ ನಂಬೋದು?” ಎಂದು ಲೋಟ ತೆಗೆದುಕೊಂಡು ಒಳಗೆ ಹೋದರು.

ಗುರುವಾರ ಬೆಳಿಗ್ಗೆ ಏಳಕ್ಕೆ ಪುಟ್ಟತಾಯಿ ಫೋನು ಮಾಡಿ, ಬೇಗ ಬನ್ನಿ, ಅಮ್ಮ ಬಾಗಿಲಲ್ಲಿ ನಿಂತಿದಾರೆ ಎಂದಳು. ಹೋದೆ. ಅಂಗಳಕ್ಕೆ ನೀರು ಹಾಕಿ ಆಗಿತ್ತು. ಲಕ್ಕಮ್ಮ ರಂಗೋಲಿಯ ಬಟ್ಟಲು ಹಿಡಿದು ನಿಂತಿದ್ದರು. ಅವರ ತಾಯಿ ಹಾಕುತ್ತಿದ್ದ ಏಳು ಚುಕ್ಕಿಯ ರಂಗೋಲಿಯನ್ನು ಅವರು ಮದುವೆಯಾದಂದಿನಿಂದ ದಿನವೂ ಹಾಕುತ್ತಾ ಬಂದಿದ್ದಾರೆ. ಊರಿನಲ್ಲಿ ಎಲ್ಲರ ಮನೆಯ ಮುಂದೂ ಅವರವರ ತಾಯಂದಿರ ರಂಗೋಲಿಯೇ. ಆವತ್ತು ಅವರು ಚುಕ್ಕಿ ಇಡಲಿಲ್ಲ. ಬೆರಳ ಸಂದಿನಲ್ಲಿ ಪುಡಿ ಹಿಡಿದುಕೊಂಡು ಬಹಳ ಹೊತ್ತು ನೆಲ ನೋಡಿದರು. ಆಮೇಲೆ ಬಗ್ಗಿದರು.

ಗೆರೆ ಹೊರಟಿತು. ಎಲ್ಲಿಗೆ ಹೋಗಬೇಕೆಂದು ಗೆರೆಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಒಂದು ಕಡೆ ಬಳ್ಳಿಯ ಹಾಗೆ ಸುತ್ತಿಕೊಂಡು, ಒಂದು ಕಡೆ ನೀರು ಹರಿದ ಹಾಗೆ ಹೋಗಿ, ತುಳಸಿಕಟ್ಟೆಯ ಹತ್ತಿರ ನಿಂತು, ಏನೋ ನೆನಪಾದಂತೆ ಹಿಂದಕ್ಕೆ ಬಂದು ತನ್ನನ್ನೇ ದಾಟಿತು. ಎಡಕ್ಕೆ ಇದ್ದದ್ದು ಬಲಕ್ಕೆ ಇರಲಿಲ್ಲ. ಮುಗಿಸಿದಾಗ ಅವರ ಹಣೆಯ ಮೇಲೆ ಬೆವರಿತ್ತು. “ಏನಮ್ಮ ಇದು?” ಎಂದಳು ಪುಟ್ಟತಾಯಿ. “ನನಗೇನ್ ಗೊತ್ತು?” ಎಂದರು ಲಕ್ಕಮ್ಮ. ಹಾಗೆ ಹೇಳುವಾಗ ಅವರ ದನಿ ಹದಿನಾರರ ಹುಡುಗಿಯದಾಗಿತ್ತು. ಆ ದನಿಯನ್ನು ಆಮೇಲೆ ಎಷ್ಟೋ ಸಲ ತೆಗೆಯಲು ನೋಡಿದ್ದೇನೆ, ನನ್ನ ಗಂಟಲಿಗೆ ಸಿಕ್ಕಿಲ್ಲ.

ಮೂವರೂ ಮೆಟ್ಟಿಲ ಮೇಲೆ ಕೂತೆವು. ಯಾರೂ ತುಳಿಯದ ಹಾಗೆ ನೋಡಿಕೊಂಡೆವು. ಗಾಳಿ ಇರಲಿಲ್ಲ. ಕೋಳಿಯೊಂದು ಬಂತು, ಪುಟ್ಟತಾಯಿ ಅದನ್ನು ಓಡಿಸಿದಳು. ಎಂಟೂವರೆಗೆ ಆಫೀಸಿನ ಜವಾನ ಸೈಕಲ್ಲಿನಲ್ಲಿ ಬಂದು, ಅಚ್ಚಿನವರು ಬಂದಾಯ್ತಂತೆ, ರುಜು ಕೇಳ್ತಿದಾರೆ ಎಂದ. ಬರ್ತೀನಿ ಅನ್ನು ಎಂದೆ. ಒಂಬತ್ತಕ್ಕೆ ಮತ್ತೆ ಬಂದ. ಮುಖ ಬೇಗ ಬೇಗ ಹೋಗ್ತಿದೆಯಂತೆ ಸಾರ್ ಎಂದ. ನಾನು ಎದ್ದೆ. ಲಕ್ಕಮ್ಮನ ಕಣ್ಣು ನೆಲದ ಮೇಲೇ ಇತ್ತು. ಬಳ್ಳಿಯಂತಿದ್ದ ಭಾಗ ಮಂಜಿನ ಹಾಗೆ ತೆಳುವಾಗುತ್ತಿತ್ತು. ಮತ್ತೆ ಕೂತೆ. ಕೂತದ್ದಕ್ಕೆ ನನ್ನ ಹತ್ತಿರ ಈಗಲೂ ಸರಿಯಾದ ಕಾರಣವಿಲ್ಲ. ಆ ಮುಖವನ್ನು ನಾನು ದಿನಕ್ಕೆರಡು ಸಲ ನೋಡಿಕೊಂಡೇ ಬೆಳೆದವನು. ಆದರೆ ಅದನ್ನು ಮಾಡಿದವರ ಹೆಂಡತಿ ಪಕ್ಕದಲ್ಲಿ ಕೂತು, ತಾನು ಮಾಡಿದ ಮೊದಲನೆಯ ವಸ್ತು ಹೋಗುವುದನ್ನು ಕಾಯುತ್ತಿದ್ದರು.

ಹತ್ತು ಗಂಟೆಯ ಹೊತ್ತಿಗೆ ಕೊನೆಯ ಗೆರೆ ಹೋಯಿತು. ಒದ್ದೆ ನೆಲ ಮಾತ್ರ ಉಳಿಯಿತು. ಲಕ್ಕಮ್ಮ ಬೆರಳಿನಿಂದ ಆ ಜಾಗವನ್ನು ಮುಟ್ಟಿ ನೋಡಿದರು. ಬೆರಳ ತುದಿ ನೋಡಿಕೊಂಡರು, ಅಲ್ಲಿಯೂ ಏನೂ ಇರಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡು, “ನಡಿ,” ಎಂದರು.

ಕೆರೆ ಏರಿಯ ಕಡೆ ತಿರುಗುವ ತಿರುವಿನಲ್ಲಿ ಅವರ ಕಾಲು ಅಭ್ಯಾಸದಿಂದ ಆ ಕಡೆ ಹೋಯಿತು. ಪುಟ್ಟತಾಯಿ ಕೈ ಹಿಡಿದಳು. ಸರ್ಕಲ್ಲಿನಲ್ಲಿ ಜನ ತುಂಬಿತ್ತು. ಬೊಂಬಿನ ಅಟ್ಟಣಿಗೆ ಕಟ್ಟಿದ್ದರು. ಅಚ್ಚಿನವನು ಮೇಲೆ ನಿಂತು ಕಲಸಿದ ಪ್ಲಾಸ್ಟರನ್ನು ಕೆನ್ನೆಗೆ ಹಚ್ಚಿದ. ಅದು ಕೆನ್ನೆಯನ್ನು ದಾಟಿ ಹಿಂದಕ್ಕೆ ಬಿತ್ತು. “ಹಿಡಿಯೋಕೆ ಏನೂ ಸಿಗ್ತಿಲ್ಲ ಅಣ್ಣಾ,” ಎಂದು ಕೂಗಿದ. ಕಿರೀಟಕ್ಕೂ ಕುತ್ತಿಗೆಗೂ ನಡುವೆ ಆಕಾಶ ಇತ್ತು. ಆಕಾಶದ ಮೇಲೆ ತುಟಿಯ ಒಂದು ಕೊನೆ, ನಗಲು ಹೊರಟದ್ದು, ಇನ್ನೂ ಒಂದಿಷ್ಟು ಕಾಣುತ್ತಿತ್ತು. ಲಕ್ಕಮ್ಮ ಇನ್ನೂ ಜನರ ಹಿಂದೆ ಇದ್ದಾಗಲೇ, ನಾವು ನೋಡುತ್ತಿದ್ದ ಹಾಗೇ ಅದೂ ಹೋಯಿತು.

ಗುರುಶಾಂತಪ್ಪನವರು ಕಟ್ಟೆಯ ಮೇಲೆ ಕುಸಿದರು. “ಊರಿಗೆ ಮುಖಭಂಗ ಆಯ್ತಲ್ರೀ ಶೇಷಪ್ಪ. ಒಂಬತ್ತು ಗಂಟೆಗೆ ಒಂದು ರುಜು ಹಾಕಿದ್ರೆ ಉಳೀತಿತ್ತು.” ಇಂಥ ಮಾತು ನನ್ನ ಬಾಯಿಂದ ಬರಬೇಕಿತ್ತು. ಅವರು ಅರಿವಿಲ್ಲದೆ ಹೇಳಿಬಿಟ್ಟರು, ನಗಲು ನನಗೂ ಆಗಲಿಲ್ಲ. ಜನ ನನ್ನ ಕಡೆ ನೋಡಿದ ರೀತಿ ಅಷ್ಟು ಚೆನ್ನಾಗಿರಲಿಲ್ಲ.

ಆಗ ಜನರ ನಡುವೆ ದಾರಿಯಾಯಿತು. ಪರದೆ ತೆಗೆದ ದಿನದಿಂದೀಚೆಗೆ ಲಕ್ಕಮ್ಮನನ್ನು ಸರ್ಕಲ್ಲಿನಲ್ಲಿ ಕಂಡವರು ಯಾರೂ ಇರಲಿಲ್ಲ. ಅವರು ಅಟ್ಟಣಿಗೆಯ ಬುಡಕ್ಕೆ ಬಂದು ಕತ್ತೆತ್ತಿ, ಮುಖವಿಲ್ಲದ ಜಾಗವನ್ನು ನೋಡಿದರು. ಯಾರನ್ನೂ ನಿರ್ದಿಷ್ಟವಾಗಿ ನೋಡದೆ ಕೇಳಿದರು. “ಹೇಗಿತ್ತು ಅದು?”

ಮೂವತ್ತಾರು ವರ್ಷ ಅವರು ಒಮ್ಮೆಯೂ ನೋಡಿರಲಿಲ್ಲ ಎಂದು ಆಗ ನಮಗೆ ಹೊಳೆಯಿತು. ಎಲ್ಲರೂ ಒಟ್ಟಿಗೆ ಹೇಳಲು ಹೊರಟರು. ಹಣೆ ಅಗಲ ಇತ್ತು ಎಂದು ಒಬ್ಬರು, ಅಷ್ಟೇನಿಲ್ಲ ಎಂದು ಒಬ್ಬರು. ಮೂಗು ನೇರ ಎಂದು ಸೋಡಾ ಅಂಗಡಿಯವನು, ತುದಿಯಲ್ಲಿ ಒಂಚೂರು ಮೇಲಕ್ಕೆ ಎಂದು ಅವನ ಹೆಂಡತಿ. ದಿನಾ ಕಂಡ ಮುಖ, ಹೇಳಲು ಹೋದರೆ ಯಾರ ಕೈಗೂ ಸಿಗಲಿಲ್ಲ. ಲಕ್ಕಮ್ಮ ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತಾ ನಿಂತಿದ್ದರು.

ನಾನು ಅವರ ಮುಂದೆ ಹೋದೆ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ. ಕಣ್ಣು ಮುಚ್ಚಿ, ಹಿಂದಿನಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು ಎಂದುಕೊಂಡೆ. ತಿರುಗಲೋ ಬೇಡವೋ ಎಂದುಕೊಂಡೆ. ತುಟಿಯ ಒಂದು ಕೊನೆಯನ್ನು ಬಿಟ್ಟುಕೊಟ್ಟೆ, ಇನ್ನೊಂದನ್ನು ಹಿಡಿದುಕೊಂಡೆ. “ಅದೇ,” ಎಂದು ಯಾರೋ ಮೆಲ್ಲಗೆ ಅಂದರು.

ಐವತ್ತಾರು ವರ್ಷದ, ಮೀಸೆಯಿರುವ ಗುಮಾಸ್ತನ ಮುಖದ ಮೇಲೆ ಲಕ್ಕಮ್ಮ ಅದನ್ನು ನೋಡಿದರು. ಹತ್ತಿರ ಬಂದು, ಸಂತೆಯಲ್ಲಿ ಬದನೆಕಾಯಿ ನೋಡುವವರ ಹಾಗೆ, ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು.

“ಯಾರ ಹಾಗೂ ಇಲ್ಲ,” ಎಂದರು. ಕೈ ಬಿಟ್ಟರು. ಮತ್ತೆ ಆ ಖಾಲಿ ಜಾಗದ ಕಡೆ ಕತ್ತೆತ್ತಿ, “ಪಾಪ,” ಎಂದರು. ಅದು ನನಗೆ ಹೇಳಿದ್ದಲ್ಲ.

ಪುಟ್ಟತಾಯಿ ಮುಖ ಆ ಕಡೆ ಮಾಡಿಕೊಂಡಳು. ಗುರುಶಾಂತಪ್ಪನವರು ಎರಡು ಸಲ ಕೆಮ್ಮಿ ಎದ್ದರು. “ಆಗಿದ್ದು ಆಯ್ತು. ಟೀವಿಯವಳ ಮುಖ ನೋಡಿಕೊಂಡಾದ್ರೂ ಒಂದು ಮಾಡಿಸೋಣ. ಇಲ್ಲಾಂದ್ರೆ ಈ ಶೇಷಪ್ಪನನ್ನೇ ಮೇಲೆ ಹತ್ತಿಸಿ ಅಚ್ಚು ತೆಗೆದರಾಯ್ತು. ಮೀಸೆ ಬೋಳಿಸಿದರೆ ನಡೆಯುತ್ತೆ.” ಜನ ನಕ್ಕರು. ಆ ನಗುವಿನಿಂದ ನನ್ನ ಮೇಲಿನ ಕೋಪ ಒಂದಿಷ್ಟು ಇಳಿಯಿತು. ಇಳಿಸಲೆಂದೇ ಅವರು ಹೇಳಿದ್ದಿರಬೇಕು.

“ಬೇಡ,” ಎಂದರು ಲಕ್ಕಮ್ಮ. “ನನ್ನ ಮಗಳು ಮಾಡ್ತಾಳೆ.”

ಪುಟ್ಟತಾಯಿ ಗಾಬರಿಯಾದಳು. “ಯಾರನ್ನ ನೋಡಿ ಮಾಡ್ಲಮ್ಮ?”

“ಯಾರನ್ನೂ ನೋಡ್ಬೇಡ.”

“ಮೂವತ್ತಾರು ವರ್ಷಕ್ಕೆ ಅದೂ ಹೋಗತ್ತಲ್ಲ ತಾಯಿ,” ಎಂದರು ಅಧ್ಯಕ್ಷರು.

“ಹೋಗ್ಲಿ ಬಿಡಪ್ಪ. ಆವಾಗ ಇನ್ನೊಬ್ಬರು ಯಾರಾದ್ರೂ ಮಾಡ್ತಾರೆ. ನೀನೂ ನಾನೂ ಏನು ಕೂತಿರ್ತೀವಾ?”

ಅಧ್ಯಕ್ಷರು ನನ್ನ ಕಡೆ ನೋಡಿದರು. ಅಸಲಿಲ್ಲದ್ದಕ್ಕೆ ತಾಳೆ ನೋಡುವ ನಿಯಮ ನಮ್ಮ ಕೈಪಿಡಿಯಲ್ಲಿ ಇಲ್ಲ ಎಂದೆ. ಹಾಗಾದರೆ ರುಜುವೂ ಬೇಡವಲ್ಲ ಎಂದರು. ಬೇಡ ಎಂದೆ. ಅವರಿಗೆ ಅದು ಬಹಳ ಸಮಾಧಾನ ತಂದ ಹಾಗೆ ಕಾಣಿಸಿತು.

ಸಿಮೆಂಟು ಕಲಸಿದರು. ಪುಟ್ಟತಾಯಿ ಸೆರಗು ಸಿಕ್ಕಿಸಿಕೊಂಡು, ಅಚ್ಚಿನವನಿಂದ ಕರಣೆ ಇಸಿದುಕೊಂಡು ಅಟ್ಟಣಿಗೆ ಹತ್ತಿದಳು. ಕಿರೀಟದ ಕೆಳಗೆ, ಅಷ್ಟು ಆಕಾಶದ ಎದುರು ನಿಂತಳು. ಕೆಳಗೆ ನೋಡಿದಳು. ಕೆಳಗೆ ಊರಿತ್ತು. ಅವಳು ಪಾಠ ಹೇಳಿದವರು, ಅವಳಿಗೆ ಹಾಲು ಹಾಕುವವರು, ಅವಳನ್ನು ಎತ್ತಿ ಆಡಿಸಿದವರು, ಎಲ್ಲರೂ ಮುಖ ಮೇಲೆ ಮಾಡಿಕೊಂಡು ನಿಂತಿದ್ದರು. ಕರಣೆ ಹಿಡಿದ ಕೈ ಅಲ್ಲೇ ನಿಂತಿತು.

ಲಕ್ಕಮ್ಮನಿಗೆ ಅದು ಅರ್ಥವಾಯಿತು. “ಎಲ್ಲಾ ಆ ಕಡೆ ತಿರುಗ್ರಪ್ಪ,” ಎಂದರು. “ಒಬ್ಬರ ಮುಖವೂ ಅವಳ ಕಣ್ಣಿಗೆ ಬೀಳಬಾರದು.”

ಸೋಡಾ ಅಂಗಡಿಯವನು ತಿರುಗಿದ. ಅವನ ಹೆಂಡತಿ ತಿರುಗಿದಳು. ಜವಾನ ಸೈಕಲ್ಲನ್ನೂ ತಿರುಗಿಸಿ ನಿಲ್ಲಿಸಿದ. ಅಧ್ಯಕ್ಷರು ಕೆಮ್ಮನ್ನು ತಡೆದುಕೊಂಡು ತಿರುಗಿದರು. ಒಂದು ಊರು ಪೂರ್ತಿ ಸರ್ಕಲ್ಲಿಗೆ ಬೆನ್ನು ಹಾಕಿ, ತನ್ನ ತನ್ನ ಬೀದಿಯ ಕಡೆ ಮುಖ ಮಾಡಿ ನಿಂತಿತು. ಬಸ್ಸು ಬಂತು. ಡ್ರೈವರನಿಗೆ ಯಾರೂ ಏನೂ ಹೇಳದಿದ್ದರೂ ಅವನು ಎಂಜಿನ್ ಆರಿಸಿದ. ನಾನೂ ತಿರುಗಿದೆ. ತಿರುಗುವಾಗ ಲಕ್ಕಮ್ಮ ಕಂಡರು. ಅವರು ಎಲ್ಲರಿಗಿಂತ ಕೊನೆಗೆ ತಿರುಗಿ, ಅದೂ ಸಾಲದೆಂದು ಸೆರಗನ್ನು ಹಣೆಯ ಮೇಲಿಂದ ಗದ್ದದವರೆಗೆ ಎಳೆದುಕೊಂಡು ಮುಖ ಮುಚ್ಚಿಕೊಂಡರು.

ಬಿಸಿಲು ಬೆನ್ನಿಗೆ ಬಡಿಯುತ್ತಿತ್ತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, ಮೇಲಿನಿಂದ, ಹಸಿ ಸಿಮೆಂಟಿನ ಮೇಲೆ ಕರಣೆ ಒಂದು ಸಲ ಎಳೆದ ಸದ್ದು ಬಂತು.